ಶತ್ರುವಿನ ಬಾಯಿಂದ ಬಂದ ಸಾಕ್ಷಿ

ಯುವಜನರ ಕೂಟದಲ್ಲಿ ಹೇಳಿದ ಮಾತನ್ನ ಬರಹಕ್ಕೆ ಇಳಿಸಿ ಹಾಕ್ರಿ ಅಂತ ಪುಣೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಕೇಳಿದ್ದರು. ಅಲ್ಲಿ ಮಾತಾಡಿದ್ದನ್ನೇ ಇಲ್ಲಿ ಇಟ್ಟಿದ್ದೇನೆ. ಮೈಕ್ ಕೈಕೊಟ್ಟಾಗ ಎರಡೆರಡು ಸಲ ಹೇಳಿದ್ದನ್ನ ಮಾತ್ರ ತೆಗೆದಿದ್ದೇನೆ.

ಈ ವಿಷಯ ನಾನಾಗಿ ಆರಿಸಿಕೊಂಡದ್ದಲ್ಲ. ಬನಹಟ್ಟಿ ಕಡೆಯ ಒಬ್ಬ ಹುಡುಗ, ಮನೆಯಲ್ಲಿ ಪವರ್‌ಲೂಮ್ ಮಗ್ಗ ಇದಾವೆ, ಮೊಬೈಲಿನಲ್ಲಿ ‘ಸ್ಕೈ ಫೋರ್ಸ್’ ಸಿನೆಮಾ ನೋಡಿ ಬಂದು ಕೇಳಿದ: “ಪಾಸ್ಟರ್, ಆ ಪೈಲಟ್ ಮಾಡಿದ್ದು 23 ವರ್ಷ ನಮ್ಮ ದೇಶದಾಗ ಯಾರಿಗೂ ಗೊತ್ತಾಗಲಿಲ್ಲ. ಕಡೀತನಕ ಗೊತ್ತಾಗದೇ ಹೋಗಿದ್ರ? ಆಗ ಅದಕ್ಕೇನು ಬೆಲೆ?”

ನಾನು ಅವನಿಗೆ ಆಗಲೇ ಉತ್ತರ ಕೊಟ್ಟೆ. ದೇವರಿಗೆ ಗೊತ್ತಿರ್ತದ ತಮ್ಮಾ, ಅಷ್ಟು ಸಾಕು ಅಂದೆ. ಅವನು ತಲೆ ಆಡಿಸಿ ಹೋದ. ಆದರೆ ಮನೆಗೆ ಬಂದ ಮೇಲೆ ನನಗೇ ಆ ಉತ್ತರ ಪೂರ್ತಿ ಅನ್ನಿಸಲಿಲ್ಲ. ಸುಳ್ಳು ಅಂತಲ್ಲ. ಬೇಗ ಕೊಟ್ಟುಬಿಟ್ಟೆ, ಅದು. ಪಾಸ್ಟರ್‌ಗಳಿಗೆ ಇದೊಂದು ರೋಗ.

ಮೊದಲು ನಡೆದದ್ದನ್ನ ನೋಡೋಣ. ಸಿನೆಮಾದಲ್ಲಿ ಹೆಸರು ಬದಲಿಸಿದ್ದಾರೆ, ಕಥೆಯನ್ನೂ ಬೆಳೆಸಿದ್ದಾರೆ. ಅದನ್ನ ಬಿಡ್ರಿ. ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ನಮ್ಮದೇ ರಾಜ್ಯದ ಕೊಡಗಿನವರು. ಹುಟ್ಟಿದ್ದು 1932ರ ಡಿಸೆಂಬರ್ 24, ಅಂದರೆ ನಾವು ಕ್ಯಾರೊಲ್ ಹಾಡ್ಕೊಂತ ಮನೆಮನೆ ತಿರುಗೋ ರಾತ್ರಿ. 1954ರಲ್ಲಿ ವಾಯುಪಡೆ ಸೇರಿದರು. ಹೊಸ ಹುಡುಗರಿಗೆ ವಿಮಾನ ಹಾರಿಸೋದನ್ನ ಕಲಿಸುವ ಕೆಲಸವನ್ನೂ ಮಾಡಿದವರು. 1965ರ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದರು, 1ನೇ ಸ್ಕ್ವಾಡ್ರನ್ನಿನಲ್ಲಿ.

ಆ ವರ್ಷ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕು ಅಂತ ಅಪ್ಪಣೆ ಆಯಿತು. ಹನ್ನೆರಡು ಮಿಸ್ಟೇರ್ ವಿಮಾನಗಳು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಅವರು ಮೀಸಲು ಪೈಲಟ್. ಕ್ರಿಕೆಟ್‌ನಲ್ಲಿ ಪ್ಯಾಡ್ ಕಟ್ಟಿಕೊಂಡು ಹೊರಗೆ ಕೂತಿರ್ತಾನಲ್ಲ, ಹಂಗ. ಯಾರಾದರೂ ತಪ್ಪಿದರೆ ಮಾತ್ರ ಹೋಗಬೇಕು. ಒಂದು ಜಾಗ ಖಾಲಿ ಆಯಿತು, ಅವರು ಹೋದರು.

ಮಿಸ್ಟೇರ್ ಫ್ರಾನ್ಸಿನ ವಿಮಾನ, ನೇರ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದ್ದು. ಎದುರಿಗೆ ಬಂದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ಸೈಕಲ್ ಮೇಲಿದ್ದವನ ಬೆನ್ನಿಗೆ ಬುಲೆಟ್ ಗಾಡಿ ಬಿದ್ದಂತೆ. ಅದರಲ್ಲಿದ್ದ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಹೊಡೆದ ಗುಂಡು ದೇವಯ್ಯನವರ ವಿಮಾನಕ್ಕೆ ತಗುಲಿತು. ನಮ್ಮ ವಿಮಾನಗಳಿಗೆ ಇಂಧನ ಹೋಗಿ ಬರಲಿಕ್ಕೆ ಅಷ್ಟಕ್ಕಷ್ಟೇ ಇತ್ತು. ಅಲ್ಲಿ ನಿಂತು ಕಾದಾಡಿದರೆ ಮನೆ ಮುಟ್ಟುವ ಲೆಕ್ಕ ತಪ್ಪುತ್ತದೆ. ಆದರೂ ಪೆಟ್ಟು ತಿಂದ ಆ ವಿಮಾನದಲ್ಲೇ ದೇವಯ್ಯನವರು ತಿರುಗಿ ಬಿದ್ದರು. ಸ್ಟಾರ್‌ಫೈಟರ್ ಕೆಳಗೆ ಬಿತ್ತು. ಅಮ್ಜದ್ ಹುಸೇನ್ ಪ್ಯಾರಾಚೂಟ್ ಹಿಡಿದು ಹಾರಿ ಬದುಕಿದರು. ದೇವಯ್ಯನವರು ಬದುಕಲಿಲ್ಲ. ಅವರಿಗೆ ಆಗ 32 ವರ್ಷ. ನನಗಿಂತ ಸಣ್ಣವರು.

ಜೊತೆಗಿದ್ದ ಗೆಳೆಯರು ಇದನ್ನು ಯಾರೂ ನೋಡಿರಲಿಲ್ಲ. ಅವರು ಆದಂಪುರಕ್ಕೆ ವಾಪಸ್ ಬಂದು ಇಳಿದರು, ಎಣಿಸಿದರು, ಒಬ್ಬರು ಕಡಿಮೆ. ಕಡತದಲ್ಲಿ ‘ಕಾಣೆಯಾಗಿದ್ದಾರೆ’ ಅಂತ ಬರೆದರು. ಆ ಕಡೆ ಸರ್ಗೋಧಾ ಸಮೀಪದ ಹಳ್ಳಿಯವರಿಗೆ ದೇಹ ಸಿಕ್ಕಿತು. ಅವರು ಹೊಲದಲ್ಲಿ ಮಣ್ಣು ಮಾಡಿದರು.

ಆಮೇಲೆ 14 ವರ್ಷ ಏನೂ ಇಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲೆಂಡಿನ ಲೇಖಕರು 1965ರ ವೈಮಾನಿಕ ಯುದ್ಧದ ಮೇಲೆ ಪುಸ್ತಕ ಬರೆದರು. ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದದ್ದು. ಅದರಲ್ಲಿ, ಆ ದಿನ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಸ್ಟಾರ್‌ಫೈಟರ್ ಹೋಯಿತು ಅನ್ನುವ ವಿವರ ಇತ್ತು. ನಮ್ಮವರು ಓದಿದರು, ಲೆಕ್ಕ ಹಾಕಿದರು. ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ತಿರುಗಿ ಬಾರದ್ದು ಒಂದೇ. ಹಾಗಾದರೆ ಅದು ದೇವಯ್ಯನವರೇ. ಅಷ್ಟು ಗೊತ್ತಾದ ಮೇಲೂ ಒಂಬತ್ತು ವರ್ಷ ಹಿಡಿಯಿತು. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ಪತ್ನಿ ಸುಂದರಿ ದೇವಯ್ಯನವರು ಅದನ್ನು ತೆಗೆದುಕೊಂಡರು. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ದೇಹ ಇನ್ನೂ ಆ ಕಡೆಯ ಮಣ್ಣಿನಲ್ಲೇ ಇದೆ.

ಈಗ ಹುಡುಗನ ಪ್ರಶ್ನೆಗೆ ಬರ್ತೇನೆ. ಗೊತ್ತಾಗದೇ ಹೋಗಿದ್ದರೆ ಬೆಲೆ ಇರ್ತಿತ್ತೋ ಇಲ್ಲವೋ?

ನೋಡ್ರಿ, 1965ರಿಂದ 1988ರ ತನಕ ದೇವಯ್ಯನವರು ಮಾಡಿದ ಕೆಲಸದಲ್ಲಿ ಒಂದಿಂಚೂ ಬದಲಾಗಲಿಲ್ಲ. ಚಕ್ರ ಕೊಟ್ಟ ದಿನ ಅವರ ಧೈರ್ಯ ಹೆಚ್ಚಾಗಲಿಲ್ಲ, ಕೊಡದೇ ಇದ್ದ ದಿನಗಳಲ್ಲಿ ಕಡಿಮೆ ಇರಲಿಲ್ಲ. ಅವರು ವಿಮಾನ ತಿರುಗಿಸಿದ ಆ ಗಳಿಗೆಯಲ್ಲೇ ಅದು ಪೂರ್ತಿ ಆಗಿತ್ತು. ಇನ್‌ಸ್ಟಾಗ್ರಾಂನಲ್ಲಿ ಹಾಕದೇ ಇದ್ದರೆ ಊಟ ಮಾಡಿದ್ದೇ ಸುಳ್ಳು ಅನ್ನಿಸೋ ಕಾಲದಲ್ಲಿ ನಾವಿದ್ದೇವೆ, ಅದಕ್ಕೆ ಈ ಮಾತು ನಮಗೆ ತಿಳಿಯೋದು ಸ್ವಲ್ಪ ಕಷ್ಟ. ಗುಪ್ತದಲ್ಲಿ ಮಾಡಿದ್ದನ್ನ ನೋಡುವ ತಂದೆಯ ಬಗ್ಗೆ ಮತ್ತಾಯ 6ರಲ್ಲಿ ನಾವು ಎಷ್ಟು ಸಲ ಓದಿಲ್ಲ! ಇಲ್ಲಿಯ ತನಕ ನನ್ನ ಮೊದಲ ಉತ್ತರ ಸರಿಯೇ.

ಆದರೆ ಸುಂದರಿ ದೇವಯ್ಯನವರ ಕಡೆಯಿಂದ ನೋಡ್ರಿ. ‘ಕಾಣೆಯಾಗಿದ್ದಾರೆ’ ಅನ್ನೋ ಒಂದು ಶಬ್ದದ ಜೊತೆ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಇರಬೇಕು. ಅವರ ಮುಂದೆ ನಿಂತು, ದೇವರಿಗೆ ಗೊತ್ತು ಬಿಡಮ್ಮಾ ಅಂತ ನಾನು ಹೇಳ್ತೇನೇನು? ಹೇಳಲಿಕ್ಕೆ ಬಾಯಿ ಬರಂಗಿಲ್ಲ. ಸತ್ತವರಿಗೆ ನಮ್ಮ ನೆನಪಿನಿಂದ ಏನೂ ಕೂಡೋದಿಲ್ಲ, ಒಪ್ಪಿಕೊಂಡೆ. ಬದುಕಿದವರ ನಡುವೆ ಮಾತ್ರ ಒಂದು ಲೆಕ್ಕ ಬಾಕಿ ಇರ್ತದೆ. ಯಾರು ಏನು ಮಾಡಿದರು ಅನ್ನೋದನ್ನ ಇದ್ದದ್ದು ಇದ್ದಂಗ ಹೇಳೋ ಲೆಕ್ಕ. ಅದನ್ನ ದೇವರ ಮೇಲೆ ಹಾಕಿ ನಾವು ಕೈ ತೊಳೆದುಕೊಳ್ಳಲಿಕ್ಕೆ ಬರೋದಿಲ್ಲ. ಎಸ್ತೇರಳ ಪುಸ್ತಕದಲ್ಲಿ ಮೊರ್ದೆಕೈ ಅರಸನ ಪ್ರಾಣ ಉಳಿಸಿದ್ದು ಪುಸ್ತಕದಲ್ಲಿ ಬರೆದಿತ್ತು, ಆದರೂ ಯಾರೂ ಅವನಿಗೆ ಏನೂ ಮಾಡಿರಲಿಲ್ಲ. ಒಂದು ರಾತ್ರಿ ಅರಸನಿಗೆ ನಿದ್ದೆ ಹತ್ತಲಿಲ್ಲ, ಆ ಪುಸ್ತಕ ತೆಗೆಸಿ ಓದಿಸಿದ, ಆಗ ನೆನಪಾಯಿತು. ಸರಕಾರಿ ಕಡತ ಆವಾಗಲೂ ಹಂಗೇ ಇತ್ತು.

ಬೀಳಗಿ ಕಡೆಯವರು ಇಲ್ಲಿ ಮೂರು ನಾಲ್ಕು ಮನೆಯವರಿದ್ದೀರಿ. ಮುಟ್ಟಲಾಗದ ಸಮಾಧಿ ಅಂದರೇನು ಅಂತ ನಿಮಗೆ ಯಾರೂ ಕಲಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರುಗಳು ಮುಳುಗಿದವು, ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡಿರಿ. ಅಜ್ಜ ಅಮ್ಮಂದಿರನ್ನು ಮಣ್ಣು ಮಾಡಿದ ಜಾಗ ನೀರಿನ ಕೆಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಊರಿನ ಗೋಡೆ ನೋಡಲಿಕ್ಕೆ ಹೋಗ್ತೀರಿ, ನನಗೆ ಗೊತ್ತು. ಅಂಥ ಜಾಗದಲ್ಲಿ ಕಲ್ಲು, ಹೂವು ಕೆಲಸಕ್ಕೆ ಬರೋದಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ನೆನಪು ಉಳೀತದೆ. ದೇವಯ್ಯನವರ ಮಟ್ಟಿಗೆ ಹಾಗೆ ಹೇಳಬಲ್ಲವರು ಇದ್ದದ್ದು ಭೂಮಿಯ ಮೇಲೆ ಒಬ್ಬರೇ. ಅವರನ್ನು ಕೊಲ್ಲಲಿಕ್ಕೆ ಬಂದವರು.

ಇನ್ನೊಂದು ಸಂಗತಿ ಕೇಳ್ರಿ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ಬಂದಾಗ ನಮ್ಮವರು ಹೊಡೆದು ಕೆಳಗಿಳಿಸಿದರು. ಯುದ್ಧಕೈದಿಯಾಗಿ ನಮ್ಮ ದೇಶದಲ್ಲೇ ಇದ್ದರು. ಸಾಕ್ಷಿ ನಮ್ಮ ಕೈಯೊಳಗೇ ಇತ್ತು, ಆದರೂ ದೇವಯ್ಯನವರ ಕಡತದಲ್ಲಿ ಒಂದು ಅಕ್ಷರ ಬದಲಾಗಲಿಲ್ಲ. ಶತ್ರು ಅಂತ ಹೆಸರಿಟ್ಟ ಮೇಲೆ ಅವನ ಹತ್ತಿರ ನಮಗೆ ಬೇಕಾದ ಸತ್ಯ ಇರಬಹುದು ಅನ್ನೋದು ಯಾರ ತಲೆಗೂ ಹೊಳೆಯೋದಿಲ್ಲ.

ಸತ್ಯ ಹೊರಬಂದದ್ದು ಎಲ್ಲಿಂದ ಅನ್ನೋದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನನ್ನ ವಿಮಾನ ಶಬ್ದದ ಎರಡು ಪಟ್ಟು ಓಡ್ತದೆ, ಅದನ್ನ ಒಂದು ಹಳೇ ಮಿಸ್ಟೇರ್ ಕಾದಾಟದಲ್ಲಿ ಕಳೆಯಿತು ಅಂತ ಒಪ್ಪಿಕೊಳ್ಳೋದು ಯಾವ ಪೈಲಟ್‌ಗೂ, ಯಾವ ವಾಯುಪಡೆಗೂ ಸುಲಭ ಅಲ್ಲ. ಮುಚ್ಚಿಟ್ಟಿದ್ದರೆ ಕೇಳುವವರು ಯಾರು? ದೇವಯ್ಯನವರು ಸತ್ತಿದ್ದಾರೆ, ಗೆಳೆಯರು ನೋಡಿಲ್ಲ, ಹಳ್ಳಿಯವರಿಗೆ ವಿಮಾನದ ಹೆಸರೂ ಗೊತ್ತಿಲ್ಲ. ಆದರೂ ಆ ವಿವರ ಪುಸ್ತಕಕ್ಕೆ ಬಂತು. ಆ ಕಡೆಯವರು ಸಂತರು ಅಂತ ನಾನು ಹೇಳ್ತಿಲ್ಲ. ಯುದ್ಧದ ಲೆಕ್ಕದಲ್ಲಿ ಎರಡೂ ಕಡೆಯವರು ತಮ್ಮ ಗೆಲುವು ಹಿಗ್ಗಿಸಿ, ಸೋಲು ಕುಗ್ಗಿಸಿ ಬರೆದದ್ದು ಬೇಕಾದಷ್ಟಿದೆ. ಆದರೆ ಈ ಒಂದು ವಿಷಯದಲ್ಲಿ, ಹೇಳಿದರೆ ತಮಗೇ ನಷ್ಟ ಇದ್ದ ಮಾತು ಅವರ ಕಡೆಯಿಂದ ಬಂತು. ಅದಕ್ಕೇ ಅದನ್ನು ನಂಬಲಿಕ್ಕೆ ಬಂತು. ನಮ್ಮವರೇ ಹೇಳಿದ್ದರೆ, ಬಿಡ್ರಿ, ಎಲ್ಲಾ ದೇಶದವರೂ ತಮ್ಮವರನ್ನ ಹೊಗಳ್ತಾರ ಅಂತಿದ್ದರು.

ನಮ್ಮ ಮುಧೋಳ ತಾಲೂಕಿನಲ್ಲೇ ಇಂಥದ್ದೊಂದು ಇದೆ. ಹತ್ತನೇ ಇಯತ್ತೆಯಲ್ಲಿ ಹಲಗಲಿಯ ಬೇಡರ ಲಾವಣಿ ಓದಿದ್ದೀರಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸ್ರಿ ಅಂದರು, ಜಡಗ, ಬಾಲ, ಹನುಮ, ರಾಮ ಇವರ ಮುಂದಾಳ್ತನದಲ್ಲಿ ಊರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು. ಹಿಡಿದವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಅವರ ಮೇಲೆ ಹುಟ್ಟಿದ ಲಾವಣಿಯನ್ನು 1880ರ ದಶಕದಲ್ಲಿ ಬರೆದುಕೊಂಡು ಅಚ್ಚು ಹಾಕಿಸಿದವರು ಯಾರು? ಜೆ.ಎಫ್. ಫ್ಲೀಟ್. ಗಲ್ಲಿಗೇರಿಸಿದ ಅದೇ ಸರಕಾರದ ಅಧಿಕಾರಿ. ನಮ್ಮ ಜನರ ಬಾಯಲ್ಲಿ ಲಾವಣಿ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ತನ್ನ ಸರಕಾರದ ವಿರುದ್ಧ ಹಾಡಿದ್ದನ್ನ ಆ ಮನುಷ್ಯ ಹರಿದು ಬಿಸಾಕಲಿಲ್ಲ.

ಈಗ ಸತ್ಯವೇದ ತೆಗೀರಿ, 2 ಸಮುವೇಲ 1ನೇ ಅಧ್ಯಾಯ. ಸೌಲ ಯುದ್ಧದಲ್ಲಿ ಸತ್ತಿದ್ದಾನೆ. ಒಬ್ಬ ಅಮಾಲೇಕ್ಯನು ಓಡಿ ಬಂದು ದಾವೀದನಿಗೆ, ನಾನೇ ಅವನನ್ನು ಕೊಂದೆ ಅಂತ ಹೇಳ್ತಾನೆ, ಕಿರೀಟವನ್ನೂ ತಂದಿದ್ದಾನೆ. ಹಿಂದಿನ ಅಧ್ಯಾಯ ಓದಿದರೆ ಸೌಲ ಸತ್ತದ್ದು ಹಾಗಲ್ಲ. ಸೌಲ ದಾವೀದನ ಶತ್ರು, ಅದಕ್ಕೆ ಈ ಸುದ್ದಿಗೆ ಬಹುಮಾನ ಸಿಗ್ತದೆ ಅಂತ ಅವನ ಲೆಕ್ಕ. ತನಗೆ ಲಾಭ ಆಗೋ ಸಾಕ್ಷಿ. ದಾವೀದ ಏನು ಮಾಡಿದ? ವರ್ಷಗಟ್ಟಲೆ ಗವಿ ಗುಡ್ಡ ಅಂತ ಓಡಾಡಿಸಿದ, ಈಟಿ ಎಸೆದ ಆ ಸೌಲನಿಗಾಗಿ ಬಟ್ಟೆ ಹರಿದುಕೊಂಡು ಅತ್ತ. ಶೋಕಗೀತೆ ಕಟ್ಟಿದ, ಅದನ್ನು ಜನರಿಗೆ ಕಲಿಸಿರಿ ಅಂದ. ಆ ಗೀತೆಯನ್ನ ಮನೆಗೆ ಹೋಗಿ ಪೂರ್ತಿ ಓದ್ರಿ, ನಾನಿಲ್ಲಿ ಓದೋದಿಲ್ಲ. ಒಂದೇ ಗಮನಿಸ್ರಿ: ಈಟಿಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಸೌಲನ ಪರಾಕ್ರಮ ಇದೆ, ಅವನ ಕಾಲದಲ್ಲಿ ಹೆಣ್ಣುಮಕ್ಕಳು ಒಳ್ಳೆ ಬಟ್ಟೆ ಉಟ್ಟದ್ದು ಸಹ ಇದೆ. ದಾವೀದ ಸುಳ್ಳು ಹೇಳಲಿಲ್ಲ. ಸೌಲನಲ್ಲಿ ನಿಜವಾಗಿ ಇದ್ದದ್ದನ್ನ ಹೇಳಿದ.

ಕೂಟದಲ್ಲಿ ಒಬ್ಬ ತಂಗಿ ಇಲ್ಲಿ ಕೈ ಎತ್ತಿದಳು. “ಪಾಸ್ಟರ್, ಯುದ್ಧದಾಗ ಕೊಲ್ಲೋದನ್ನ ನಾವು ಹೊಗಳಬೇಕೇನ್ರಿ?” ಒಳ್ಳೇ ಪ್ರಶ್ನೆ. ನಾನು ಕೊಲ್ಲೋದನ್ನ ಹೊಗಳ್ತಿಲ್ಲ. ದೇವಯ್ಯನವರು ಇಳಿಸಿದ ವಿಮಾನದ ಪೈಲಟ್ ಬದುಕಿ ಉಳಿದರು, ಅದನ್ನ ನೆನೆಸಿದರೆ ನನಗೆ ಸಮಾಧಾನ ಆಗ್ತದೆ. ಅವರು ಉಳಿದದ್ದಕ್ಕೇ ಅಲ್ಲೇನು ದೇವಯ್ಯನವರ ಹೆಸರು ಉಳಿದದ್ದು? ಆ ಹಳ್ಳಿಯವರನ್ನೂ ಮರೀಬ್ಯಾಡ್ರಿ. ತಮ್ಮ ತಲೆ ಮೇಲೆ ಯುದ್ಧ ನಡೆದಿರೋ ಹೊತ್ತು, ತಮ್ಮ ವಾಯುನೆಲೆ ಮೇಲೆ ಬಾಂಬು ಹಾಕಲಿಕ್ಕೆ ಬಂದವನ ದೇಹ. ಬಿಟ್ಟು ಹೋಗಿದ್ದರೂ ಕೇಳೋರಿರಲಿಲ್ಲ. ಗುಂಡಿ ತೋಡಿದರು.

ಇಷ್ಟೆಲ್ಲಾ ಓದಿಕೊಂಡು, ನೋಟ್ಸ್ ಮಾಡಿಕೊಂಡು, ಶನಿವಾರ ರಾತ್ರಿ ಕೂತಿದ್ದಾಗ ನನಗೆ ನಮ್ಮ ಸಭೆಯ ಸಾಕ್ಷಿ ಸಮಯ ನೆನಪಾಯಿತು. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳ್ತೇವಲ್ಲ. ನಾನು ಯೋಚನೆ ಮಾಡಿ ನೋಡಿದೆ, ಇಷ್ಟು ವರ್ಷದಲ್ಲಿ ನಾನು ಹೇಳಿದ ಸಾಕ್ಷಿಗಳಲ್ಲಿ ನಾನು ಸೋತದ್ದು ಎಷ್ಟು? ನನ್ನ ವಿರೋಧಿ ನನಗಿಂತ ಒಳ್ಳೆಯವನಾಗಿ ಕಂಡದ್ದು ಎಷ್ಟು? ಒಂದೂ ಇಲ್ಲ. ಕೆಲಸ ಸಿಕ್ಕಿತು, ಜ್ವರ ಇಳಿಯಿತು, ಅವರು ನಾಚಿಕೆಪಟ್ಟರು, ಸ್ತೋತ್ರ. ಎಲ್ಲದರಲ್ಲೂ ನಾನು ಗೆದ್ದಿದ್ದೇನೆ.

ಅದರಲ್ಲಿ ಒಂದು ಸಾಕ್ಷಿ ನೀವೆಲ್ಲ ಕೇಳಿದ್ದೀರಿ. 2019ರ ಆಗಸ್ಟ್, ಕೃಷ್ಣಾ ಹೊಳೆ ಊರಿಗೆ ನುಗ್ಗಿದ ಸಮಯ. ನಮ್ಮ ಅಪ್ಪಗೆ ರಾತ್ರಿ ಎದೆನೋವು ಬಂತು. ರಸ್ತೆ ಮೇಲೆ ನೀರು, ಆಂಬುಲೆನ್ಸ್ ಬರಂಗಿಲ್ಲ. ಪ್ರಾರ್ಥನೆ ಮಾಡಿದೆವು, ದೇವರು ಒಂದು ವಾಹನ ಕಳಿಸಿದರು, ಜಮಖಂಡಿ ಮುಟ್ಟಿದೆವು, ಅಪ್ಪ ಉಳಿದರು. ಐದಾರು ಸಲ ಹೇಳಿದ್ದೇನೆ, ಇದೇ ಪೀಠದ ಮುಂದೆ ನಿಂತು.

ಆ ವಾಹನ ಒಂದು ಟ್ರ್ಯಾಕ್ಟರ್. ಅದನ್ನ ಓಡಿಸಿದವರು ನಮ್ಮ ಹೊಲದ ಬಾಜೂ ಹೊಲದ ಕಾಕಾ. ಅವರಿಗೂ ನಮಗೂ ಬದುವಿನ ಸಲುವಾಗಿ ಕೋರ್ಟಿನಲ್ಲಿ ಕೇಸು ನಡೆದಿದೆ. ಕಬ್ಬು ಕಡಿಯೋ ಹೊತ್ತಿಗೆ ಪ್ರತಿ ವರ್ಷ ಜಗಳ. ಆ ರಾತ್ರಿ ನಮ್ಮ ಅವ್ವ ಕೂಗಿದ್ದು ಕೇಳಿ ಅವರು ತಾವಾಗೇ ಎದ್ದು ಬಂದರು, ಸೊಂಟದ ಮಟ್ಟ ನೀರಿನಲ್ಲಿ ಇಳಿದು ದಾರಿ ನೋಡಿ ನೋಡಿ ಟ್ರ್ಯಾಕ್ಟರ್ ದಾಟಿಸಿದರು. ಆಸ್ಪತ್ರೆ ಬಾಗಿಲಲ್ಲಿ ಬೆಳಗಾಗೋ ತನಕ ಕೂತಿದ್ದರು. ನಾನು ಸಾಕ್ಷಿಯಲ್ಲಿ ಇವರನ್ನ ‘ಒಂದು ವಾಹನ’ ಮಾಡಿಬಿಟ್ಟೆ. ದೇವರು ಕಳಿಸಿದರು ಅಂತ ಹೇಳಿದ್ದು ಸುಳ್ಳಲ್ಲ. ಆದರೆ ದೇವರ ಹೆಸರನ್ನ ಮುಂದೆ ಮಾಡಿ ಕಾಕಾನ ಹೆಸರು ಮುಚ್ಚಿದೆ. ಯಾಕಂದ್ರ ಹೇಳಿದರೆ ನಾಳೆ ಊರಲ್ಲಿ ಪಂಚರು ಏನಂತಾರೆ? ಅಂಥಾವರ ಮೇಲೆ ಕೇಸು ಹಾಕೀರೇನು ಅಂತಾರೆ.

ಈ ಕೂಟದ ಹಿಂದಿನ ಭಾನುವಾರ ಆರಾಧನೆಯಲ್ಲಿ ಅದನ್ನ ಹೆಸರು ಸಮೇತ ಹೇಳಿದೆ. ಅವರ ಹೆಸರು ಇಲ್ಲಿ ಬರಹದಲ್ಲಿ ಹಾಕ್ತಿಲ್ಲ, ಅವರು ಬ್ಯಾಡ ಅಂದಿದ್ದಾರೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ಹೊಡೀಲಿಲ್ಲ, ಸ್ತೋತ್ರ ಅನ್ನಬೇಕೋ ಬೇಡವೋ ತಿಳೀಲಿಲ್ಲ ಅವರಿಗೆ. ನಮ್ಮ ಅಪ್ಪ ಮೂರನೇ ಸಾಲಿನಲ್ಲಿ ಕೂತಿದ್ದರು, ತಲೆ ತಗ್ಗಿಸಿದರು. ಸಂಜೆ ಕಾಕಾನ ಮನೆಗೆ ಹೋದೆ. ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳಾಕತ್ತಿದ್ದರು. ನಾನು ಹೇಳಿದ್ದನ್ನೆಲ್ಲಾ ಕೇಳಿದರು.

“ನಿಮ್ಮಪ್ಪ ನನ್ನ ಜೋಡಿ ಸಾಲಿ ಕಲಿತಾಂವ,” ಅಂದರು. “ಹೊಳಿಯಾಗ ಬಿಟ್ಟು ಬರ್ಲೇನು?”

ಚಹಾ ಕೊಟ್ಟರು, ಕುಡಿದೆ. ಏಳೋ ಹೊತ್ತಿಗೆ ಅವರೇ ಕರೆದು ಅಂದರು, “ಬದುವಿಂದು ಮಾತ್ರ ನಾ ಬಿಡಾಂವಲ್ಲ ನೋಡಪಾ, ಮದಲs ಹೇಳ್ತೇನಿ.” ನಾವೂ ಬಿಡಂಗಿಲ್ಲ ಕಾಕಾ ಅಂದೆ. ಕೇಸಿನ ತಾರೀಖು ಮುಂದಿನ ತಿಂಗಳು ಇದೆ. ಬಸ್ಸಿನಲ್ಲಿ ಯಾಕೆ ಇಬ್ಬರೂ ಬೇರೆ ಬೇರೆ ರೊಕ್ಕ ಹಾಕಬೇಕು, ನನ್ನ ಗಾಡಿ ಮೇಲೆ ಬಾ ಅಂದಿದ್ದಾರೆ.